ಕಥೆಯ ಅಂಗಗಳು



1915ರಲ್ಲಿ ಚಿನ್ನದ ನಿಕ್ಷೇಪವನ್ನರಸುತ್ತಿದ್ದ ಬೀಡನ್ ಎಂಬ ಇಂಜಿನಿಯರಿಗೆ ಮಸ್ಕಿಯಲ್ಲಿ ಒಂದು ಬಂಡೆಯ ಶಾಸನ ದೊರೆಯಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಅದರಿಂದ ಸ್ಥಿರಪಟ್ಟಿತು. ಅದೇ ಸೀಮೆಯ ಹಟ್ಟಿಯಲ್ಲಿ ಪ್ರಾಚೀನರು ಚಿನ್ನಕ್ಕಾಗಿ ತೋಡಿದ ಆಳವಾದ ಗಣಿಗಳಿವೆ. ತೋಡಿದವರ ಹೆಸರುಗಳು ನಮಗೆ ಉಳಿದಿಲ್ಲ. ಅವರ ಮನಸ್ಸನ್ನು ಹೊಗಬೇಕಾದರೆ ಕಥೆಯೇ ದಾರಿ.

ಅಂಥವನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಗಣಿಗೆ ನೀರು ನುಗ್ಗಿತು, ಮರುದಿನ ಅವನು ಕೆಲಸಕ್ಕೆ ಬರಲಿಲ್ಲ ಎಂದರೆ ಅದು ಬರಿಯ ವರದಿ. ತಮ್ಮನನ್ನು ನೀರಿನಲ್ಲಿ ಬಿಟ್ಟುಬಂದುದರಿಂದ ಬರಲಿಲ್ಲವೆಂದರೆ, ಕಾರಣವೂ ಕಾರ್ಯವೂ ಕೂಡಿ ಕಥಾಸಂವಿಧಾನವಾಯಿತು. ಆ ಸಂಕಟದಲ್ಲಿ ಅವನು ನಡೆದುಕೊಂಡ ಬಗೆಯಲ್ಲಿ ಪಾತ್ರವು ಮೂಡುತ್ತದೆ. ಗಣಿಯ ಕತ್ತಲೆ, ಮಳೆಗಾಲ, ಮೇಲಿನ ಎರೆಹೊಲ, ಇವು ದೇಶಕಾಲಗಳು. ಇದನ್ನೇ ಅವನು ಹೇಳಿದರೆ ಪಶ್ಚಾತ್ತಾಪ, ತಾಯಿ ಹೇಳಿದರೆ ಶೋಕ, ಮೇಸ್ತ್ರಿ ಹೇಳಿದರೆ ಆಳಿನ ಲೆಕ್ಕ. ನಿರೂಪಕನು ಬದಲಾದರೆ ಕಥೆಯೂ ಬದಲಾಗುವುದು.

ಇನ್ನು ಸಂಕೇತ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯಲ್ಲಿ, ಬೇಸಾಯಕ್ಕೆ ನೆಲ ದೊರೆಯದ ಚೋಮನು ಬಾಯಿಂದ ಆಡಲಾರದುದನ್ನು ಅವನ ದುಡಿಯು ನುಡಿಯುತ್ತದೆ.

ಇವುಗಳ ಹೆಸರನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ರಸಿಕತೆ ಬಾರದು. ಮುಂದೆ ಕಥೆಯೊಂದನ್ನು ಓದುವಾಗ, ಹೇಳುತ್ತಿರುವವರು ಯಾರು, ಯಾರ ಮಾತು ನಮಗಿನ್ನೂ ಕೇಳಿಸಿಲ್ಲ ಎಂದು ವಿಚಾರಿಸೋಣ. ಶಾಸನದಲ್ಲಿ ಎಡೆ ಸಿಕ್ಕದವನಿಗೆ ಕಥೆಯಲ್ಲಾದರೂ ಎಡೆಯುಂಟೋ ಎಂಬುದು ಆಗ ತಿಳಿಯುವುದು.