ದುಡಿಯಲಾರದ ತಂದೆ, ನಿಲ್ಲದ ಬಾಕಿ

ಜೀವನಾಂಶದ ಬಾಕಿ ಎಂದೊಡನೆ ನಮಗೆ ನೆನಪಾಗುವವನು ಸಂಬಳ ಬಚ್ಚಿಟ್ಟ ತಂದೆ, ಸೈಟನ್ನು ತಮ್ಮನ ಹೆಸರಿಗೆ ಬರೆದುಕೊಟ್ಟ ತಂದೆ. ಕಾನೂನು ಬಿಗಿಯಾಗಿರುವುದು ಅಂಥವರಿಗಾಗಿ, ಇರಬೇಕಾದದ್ದೇ. ಆದರೆ ಪಾರ್ಶ್ವವಾಯು ಬಡಿದು ಮಲಗಿದವನ ಮೇಲೂ, ಡಯಾಲಿಸಿಸ್ಸಿನಲ್ಲೇ ವಾರ ಕಳೆಯುವವನ ಮೇಲೂ ಅದೇ ಆದೇಶ ತಿಂಗಳು ತಿಂಗಳೂ ಬಾಕಿ ಪೇರಿಸುತ್ತ ಹೋಗುತ್ತದೆ. ಇಂಥವನಲ್ಲಿ ಇದ್ದದ್ದನ್ನು ಹುಡುಕಿ ತೆಗೆಯಬೇಕು, ಇಲ್ಲದ್ದನ್ನು ಸರ್ಕಾರ ಮುಂಗಡವಾಗಿ ತುಂಬಿಕೊಡಬೇಕು. ಅವನನ್ನು ಸೆರೆಗೆ ಕಳಿಸುವುದರಿಂದ ಮಗುವಿಗೆ ಏನೂ ಸಿಗುವುದಿಲ್ಲ ಎಂಬುದು ನನ್ನ ವಾದ.

ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಸಾಕಷ್ಟು ಅನುಕೂಲವಿದ್ದೂ ಮಗುವನ್ನು ಕಡೆಗಣಿಸಿದವನು ಜೀವನಾಂಶ ಕೊಡಬೇಕು. ಸಕಾರಣವಿಲ್ಲದೆ ತಪ್ಪಿದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆ. ಸೆರೆಗೆ ಹೋದ ಮಾತ್ರಕ್ಕೆ ಬಾಕಿ ತೀರುವುದಿಲ್ಲ, ಅದು ವಸೂಲಿಗೆ ಒತ್ತಡ ಹೇರುವ ಉಪಾಯವಷ್ಟೇ ಎಂದು 1989ರ ಕುಲದೀಪ್ ಕೌರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಾಗಾದರೆ ಕೊಡಲು ಏನೂ ಇಲ್ಲದವನ ಮೇಲೆ ಒತ್ತಡ ಹೇರಿ ಪಡೆಯುವುದೇನು? ‘ಸಕಾರಣ’ ಎಂಬ ಮಾತನ್ನು ಕಾನೂನು ಸುಮ್ಮನೆ ಸೇರಿಸಿಲ್ಲ.

ಕಾಯಿಲೆಯ ನೆಪಕ್ಕೆ ವೈದ್ಯರ ಚೀಟಿ ತರುವುದು ಎಷ್ಟು ಹೊತ್ತಿನ ಕೆಲಸ ಎಂದು ನೀವು ಕೇಳಬಹುದು. ಅನುಮಾನ ನ್ಯಾಯವಾದದ್ದೇ. ಮೈಯಲ್ಲಿ ಶಕ್ತಿಯಿದ್ದವನು ಕೂಲಿ ಮಾಡಿಯಾದರೂ ಕೊಡಬೇಕೆಂದು 2022ರ ಅಂಜು ಗರ್ಗ್ ತೀರ್ಪು ಹೇಳಿದೆ. ಅಶಕ್ತನೆನ್ನುವವನು ಅದನ್ನು ವೈದ್ಯಕೀಯ ಮಂಡಳಿಯ ಮುಂದೆ ರುಜುವಾತು ಮಾಡಲಿ. ಆದರೆ ದುಡಿಯಲಾರದವನೆಲ್ಲ ಬಡವನೂ ಅಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಮನೆ ಬಾಡಿಗೆ, ಭವಿಷ್ಯ ನಿಧಿ, ವಿಮೆ, ಅಪಘಾತದ ಪರಿಹಾರ, ಪಾಲಿಗೆ ಬಂದ ಜಮೀನು: ಇವೂ ಅನುಕೂಲವೇ. 2020ರ ರಜನೇಶ್ ಮತ್ತು ನೇಹಾ ಪ್ರಕರಣದಿಂದ ಇಬ್ಬರೂ ಆಸ್ತಿ-ಹೊಣೆಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಅದನ್ನು ಶಾಸ್ತ್ರಕ್ಕೆ ತುಂಬಿಸಿಕೊಳ್ಳದೆ ಸಾಲು ಸಾಲಾಗಿ ಓದಿದರೆ ಅರ್ಧ ನಟನೆ ಅಲ್ಲೇ ಬಯಲಾಗುತ್ತದೆ. ನಿಜಕ್ಕೂ ಕೈಲಾಗದವನು 146ನೇ ಕಲಮಿನಡಿ ಮೊತ್ತ ಇಳಿಸುವಂತೆ ಕೂಡಲೇ ಅರ್ಜಿ ಹಾಕಬೇಕು. ಸುಮ್ಮನೆ ಕುಳಿತರೆ ಹಳೆಯ ದರದಲ್ಲೇ ಸಾಲ ಬೆಳೆಯುತ್ತದೆ.

ಹುಡುಕಿಯೂ ಏನೂ ಸಿಗದಿದ್ದರೆ? ಜರ್ಮನಿ 1980ರಿಂದ ಇಂಥ ಮಕ್ಕಳಿಗೆ ಸರ್ಕಾರದಿಂದಲೇ ಮುಂಗಡ ಕೊಡುತ್ತಿದೆ. 2017ರಲ್ಲಿ ಅದನ್ನು 18 ವರ್ಷದವರೆಗೂ ವಿಸ್ತರಿಸಿತು. ಕೊಡುವ ಶಕ್ತಿಯಿರುವ ಪೋಷಕನಿಂದ ಸರ್ಕಾರವೇ ಆಮೇಲೆ ವಸೂಲು ಮಾಡಿಕೊಳ್ಳುತ್ತದೆ. ಹೀಗಾದರೆ ಬೇಜವಾಬ್ದಾರಿ ತಂದೆಗೆ ತೆರಿಗೆದಾರನ ಹಣದಲ್ಲಿ ರಜೆ ಕೊಟ್ಟಂತಾಗುವುದಿಲ್ಲವೇ? ಇಲ್ಲ. ಋಣ ಹಾಗೇ ಉಳಿಯುತ್ತದೆ, ಸಾಲಗಾರ ಮಾತ್ರ ಬೇರೆಯವರಿಗೆ ಉತ್ತರ ಹೇಳಬೇಕಾಗುತ್ತದೆ. ಒಂಟಿ ತಾಯಿಯಿಂದ ತಪ್ಪಿಸಿಕೊಳ್ಳುವುದಕ್ಕಿಂತ ಸರ್ಕಾರದಿಂದ ತಪ್ಪಿಸಿಕೊಳ್ಳುವುದು ಕಷ್ಟ.

ನಮ್ಮಲ್ಲೂ ಬೀಜ ಇದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ವಿಚ್ಛೇದಿತ ತಾಯಿಯ ಮಗುವಿಗೂ, ಪೋಷಕರು ಅಶಕ್ತರಾದ ಮಗುವಿಗೂ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಆದರೆ ಜೀವನಾಂಶ ಕೇಳಿ ಬಂದ ತಾಯಿಯ ಕಡತವನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳಿಸಲೇಬೇಕೆಂದು 144ನೇ ಕಲಮು ಹೇಳುವುದಿಲ್ಲ. ಅದೇ ದಾಖಲೆ ಹಿಡಿದು ಆಕೆ ಮತ್ತೊಂದು ಕಚೇರಿಯ ಮೆಟ್ಟಿಲು ಹತ್ತಬೇಕು. ಹತ್ತಿದರೂ ನಗರದಲ್ಲಿ ಕುಟುಂಬದ ಆದಾಯ ವರ್ಷಕ್ಕೆ 96,000 ಮೀರಬಾರದು, ಅಂದರೆ ತಿಂಗಳಿಗೆ 8,000. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿ ಅಲ್ಲಿಯೇ ಹೊರಗುಳಿಯುತ್ತಾಳೆ. ಮೊದಲು ಏರಬೇಕಾದದ್ದು ಈ ಮಿತಿ.