ಚೈತ್ರದ ನೊರೆನೀರು

ಹಾನಗಲ್ಲು, ಸವಣೂರು ಸೀಮೆಯವರಾದ ನಮಗೆ ಹೊಳೆಯೆಂದರೆ ವರದೆ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ಆಕೆ ಶ್ರಾವಣದಲ್ಲಿ ದಡ ಮೀರುತ್ತಾಳೆ; ಚೈತ್ರಕ್ಕೆ ಸೊರಗಿ ಮರಳಾಗುತ್ತಾಳೆ. ಹರಿಗೋಲು ದಂಡೆಯ ಮೇಲೆ ಬೋರಲು ಬೀಳುತ್ತದೆ.

ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಚೈತ್ರದಲ್ಲಿ, ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿಗಳಿಂದ ಕೂಡಿದ ನಾವು ಐವರು ಗೆಳೆಯರು ಗಣೇಶಗುಡಿಗೆ ಹೋಗಿ, ರಬ್ಬರು ದೋಣಿಯಲ್ಲಿ ಕಾಳಿಯ ನೊರೆನೀರಿಗೆ ಇಳಿದೆವು. ಬಂಡೆಗಳ ನಡುವೆ ದೋಣಿ ಧುಮುಕಿದಾಗ, ಅರುವತ್ತರ ಹೊಸ್ತಿಲಲ್ಲಿದ್ದವರು ಹುಡುಗರಂತೆ ಕೂಗಿ ಹುಟ್ಟು ಹಾಕಿದೆವು.

ಬೇಸಗೆಯಲ್ಲಿ ಇಷ್ಟು ನೀರು ಎಲ್ಲಿಯದು? ಮೇಲಿರುವುದು ಸೂಪಾ ಅಣೆಕಟ್ಟು. ಅಲ್ಲಿಯ ವಿದ್ಯುದಾಗಾರ ನಡೆದರೆ ಹೊಳೆ ಏಳುತ್ತದೆ, ನಿಂತರೆ ಇಳಿಯುತ್ತದೆ. ಆ ಜಲಾಶಯದ ತಳದಲ್ಲಿ, 1980ರ ದಶಕದಲ್ಲಿ ಮುಳುಗಿದ ಹಳೆಯ ಸೂಪಾ ಊರಿದೆ. ಅದು ನಮ್ಮ ಶಿಗ್ಗಾಂವಿಯ ಗೆಳೆಯನ ತಾಯಿಯ ತವರು.

ದೋಣಿ ಸಮನೀರಿಗೆ ಬಂದಾಗ ಅವನು ಹುಟ್ಟನ್ನು ತೊಡೆಯ ಮೇಲಿಟ್ಟು, ಒಂದು ಬೊಗಸೆ ನೀರೆತ್ತಿ, "ನಮ್ಮಜ್ಜನ ಅಂಗಳ ತೊಳೆದು ಬಂದ ನೀರಪ್ಪಾ ಇದು" ಎಂದ. ಯಾರೂ ಮಾತನಾಡಲಿಲ್ಲ. ಹುಟ್ಟುಗಳು ತಾವಾಗಿಯೇ ಮೆತ್ತಗಾದವು.

ಮರುದಿನ ಸಂಜೆ ಹಾನಗಲ್ಲಿನ ಮನೆಯಲ್ಲಿ ದೀಪದ ಗುಂಡಿ ಒತ್ತುವಾಗ ನನ್ನ ಕೈ ಒಂದು ಗಳಿಗೆ ತಡೆಯಿತು. ಈಗಲೂ ಒಮ್ಮೊಮ್ಮೆ ತಡೆಯುತ್ತದೆ.