ಸ್ವಂತ ಕಾರು, ಕಸುಬಿನ ಓಡಾಟ, ತೆರಿಗೆ ರಿಯಾಯಿತಿ
(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ರೈತರು. ಬೇಸಾಯದ ಆದಾಯಕ್ಕೆ ವರಮಾನ ತೆರಿಗೆ ಇಲ್ಲ. ಹೊಲಕ್ಕೆ ಓಡಾಡಿದ ಪೆಟ್ರೋಲಿಗೆ ರಿಯಾಯಿತಿ ಕೇಳೋ ಹಾಗೂ ಇಲ್ಲ. ಆದರೆ ನಮ್ಮಲ್ಲೇ ಗೊಬ್ಬರದಂಗಡಿ, ಕೊಬ್ಬರಿ ವ್ಯಾಪಾರ, ಕಂಟ್ರಾಕ್ಟು ಮಾಡುವವರಿದ್ದಾರೆ. ಸ್ವಂತ ಕಾರನ್ನು ಆ ಕಸುಬಿಗೆ ಓಡಿಸಿದರೆ ಪೆಟ್ರೋಲು, ರಿಪೇರಿ, ವಿಮೆ, ಸವಕಳಿ ಇವುಗಳಲ್ಲಿ ಕಸುಬಿನ ಪಾಲನ್ನು ಲಾಭದಿಂದ ಕಳೆಯಬಹುದು.

ಲೆಕ್ಕ ನೋಡಿ. 6 ಲಕ್ಷದ ಕಾರು ಮೊದಲ ವರ್ಷ 15,000 ಕಿ.ಮೀ. ಓಡಿತು, ವ್ಯಾಪಾರಕ್ಕೆ 9,000, ಅಂದರೆ ನೂರಕ್ಕೆ 60 ಪಾಲು. ಶೇ. 15ರ ಸವಕಳಿ 90,000 ರೂ.; ಅದರಲ್ಲಿ ನಮಗೆ ಸಲ್ಲುವುದು 54,000. ಕೊಂಡ ವರ್ಷ ಬಳಕೆ 180 ದಿನಕ್ಕಿಂತ ಕಡಿಮೆಯಾದರೆ ಅದರರ್ಧ. ಇದು ಆದಾಯದಲ್ಲಿ ಇಳಿಯುವ ಮೊತ್ತ. ತೆರಿಗೆಯಲ್ಲೇ ಅಷ್ಟು ಬಿಡ್ತಾರೆ ಅಂತಲ್ಲ.

ಪೂರ್ತಿ ಲೆಕ್ಕ ಇಡದೆ, ವಹಿವಾಟಿನ ಮೇಲೆ ಶೇಕಡಾವಾರು ಲಾಭ ತೋರಿಸುವವರಿಗೆ ಇದು ಬೇರೆಯಾಗಿ ಸಿಗದು. ಸಂಬಳದ ನೌಕರಿಯಲ್ಲಿರುವ ನಮ್ಮ ಮಕ್ಕಳಿಗೆ ಮನೆಯಿಂದ ಆಫೀಸಿಗೆ ಹೋಗಿಬರುವ ಖರ್ಚು ಕಳೆಯಲು ಬರುವುದಿಲ್ಲ. ಕಚೇರಿ ಕೆಲಸಕ್ಕೇ ಓಡಿಸಿದ್ದಕ್ಕೆ ಮಾಲೀಕರು ಕೊಟ್ಟ ಹಣದ ಮೇಲೆ ತೆರಿಗೆ ಬೀಳದಿರಬೇಕಾದರೆ ದಾಖಲೆ ಬೇಕು.

ಆದ್ದರಿಂದ ಕಾರಿನಲ್ಲೊಂದು ನೋಟ್‌ಬುಕ್ ಇಡಿ. ತಾರೀಕು, ಊರು, ಕೆಲಸ, ಕಿಲೋಮೀಟರು ಅಂದಂದೇ ಬರೆಯಿರಿ. ಪೆಟ್ರೋಲ್ ಬಂಕಿನ ಚೀಟಿ ಬಿಸಾಡಬೇಡಿ. ಬೀಗರ ಮನೆಗೆ, ಜಾತ್ರೆಗೆ ಹೋದದ್ದನ್ನು ವ್ಯಾಪಾರಕ್ಕೆ ಸೇರಿಸಬೇಡಿ. ಬರೆಯದಿದ್ದರೆ ನ್ಯಾಯದ ಹಣ ಹೋಗುತ್ತದೆ. ಸುಳ್ಳು ಬರೆದರೆ ದಂಡ ಬರುತ್ತದೆ.

ಪೈಸೆ ಪೈಸೆಗೂ ವೋಚರು ಕೇಳಿ ಈ ಸಂಘವನ್ನು 25 ವರ್ಷ ನಡೆಸಿದ್ದೇವೆ. ಅದೇ ಶಿಸ್ತು ನಮ್ಮ ಕಾರಿಗೂ ಇರಲಿ.